ಅಡುಗೆಮನೆ ಕೆಲಸ, ಐದನೇ ಕಂತು: ಹೊಗೆ ಎಳೆಯದ ಚಿಮಣಿ

ಎಳೆಯಿತು! ಮೂರು ವಾರ ಕಾಡಿದ ಚಿಮಣಿ ನಿನ್ನೆ ರಾತ್ರಿ ಹತ್ತೂವರೆಗೆ ಕೊನೆಗೂ ಹಬೆ ಎಳೆಯಿತು. ಖುಷಿಗೆ ನಿದ್ದೆ ಬರಲಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ಹಳೇ ಕಟ್ಟೆ ಒಡೆದದ್ದು, ಟೈಲ್ಸ್, ಸಿಂಕ್, ಕ್ಯಾಬಿನೆಟ್ ಕಥೆ ಎಲ್ಲಾ ಬಿಡ್ತೀನಿ. ನೀವೂ ಅದನ್ನೆಲ್ಲ ಮಾಡಿಸಿದವರೇ. ಈ ಕಂತು ಪೂರ್ತಿ ಚಿಮಣಿಗೆ, ಏಕೆಂದರೆ ಈ ಒಂದು ಪೆಟ್ಟಿಗೆ ನಾನು ಆರಿಸಿಟ್ಟಿದ್ದ ಅರ್ಧ ಯಂತ್ರಗಳ ಪಟ್ಟಿಯನ್ನೇ ಬದಲಿಸಿತು.

ಕೊಳ್ಳುವಾಗ ನಾನು ನೋಡಿದ್ದು ಒಂದೇ ಸಂಖ್ಯೆ. ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತೆ ಅಂತ ಇತ್ತು. ಪಕ್ಕದಲ್ಲಿ 700ರದ್ದು ಇತ್ತು, 900ರದ್ದೂ ಇತ್ತು. ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ ಅಂದುಕೊಂಡು 1200ರದ್ದನ್ನೇ ತಂದೆ. ಫಿಟ್ಟಿಂಗ್ ಮಾಡುವವರು ಬಂದರು, ಒಂದು ಗಂಟೆಯಲ್ಲಿ ತೂಗುಹಾಕಿದರು, ಸ್ವಿಚ್ ಒತ್ತಿ ಸದ್ದು ಕೇಳಿಸಿ ಹೋದರು. ಸದ್ದಿಗೇನೂ ಕೊರತೆ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವರು ಎದ್ದು ಬಂದು ಏನಾಯ್ತು ಅಂತ ಕೇಳಿದರು.

ಹಬೆ ಮಾತ್ರ ಚಿಮಣಿಯ ಅಂಚಿನವರೆಗೆ ಬಂದು, ಅಲ್ಲಿಂದ ಆರಾಮಾಗಿ ಹೊರಳಿ, ನನ್ನ ಮುಖಕ್ಕೆ ಬರುತ್ತಿತ್ತು.

ಮೊದಲ ವಾರ ಪೂರ್ತಿ ಮೋಟಾರಿನ ಮೇಲೆ ಅನುಮಾನ. ಮಾರಿದವರಿಗೆ ಫೋನ್ ಮಾಡಿದರೆ "ಸರ್, ಫಿಲ್ಟರ್ ತೊಳೀರಿ" ಅಂದರು. ನಾಲ್ಕು ದಿನದ ಫಿಲ್ಟರ್! ಆದರೂ ತೊಳೆದೆ. ಆಮೇಲೆ ಒಬ್ಬರು ಬಂದು ಫಿಲ್ಟರ್ ತೆಗೆದು, ಒಂದು ಹಾಳೆ ಹಿಡಿದರು. ಅದು ಚಿಮಣಿಗೆ ಅಂಟಿಕೊಂಡಿತು. "ನೋಡಿ, ಎಳೀತಾ ಇದೆ" ಅಂದರು. ಈ ಹಾಳೆ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. ಹಾಳೆ ಅಂಟಿಕೊಳ್ಳಲು ಅತಿ ಕಡಿಮೆ ಎಳೆತ ಸಾಕು. 70 ಸೆಂ.ಮೀ. ಕೆಳಗೆ, ಪಾತ್ರೆಯ ಅಂಚಿನಲ್ಲಿ ಎದ್ದ ಹಬೆಯನ್ನು ಹಿಡಿಯುತ್ತದೋ ಇಲ್ಲವೋ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಜಗಳ ಆಡಿದ ಮೇಲೆ ಮೋಟಾರನ್ನೇ ಬದಲಿಸಿ ಕೊಟ್ಟರು. ಹೊಸ ಮೋಟಾರು, ಅದೇ ಸದ್ದು, ಅದೇ ಹಬೆ.

ಆಗ ಮೇಲಿನ ಕವರ್ ಬಿಚ್ಚಿ ಪೈಪ್ ನೋಡಿದೆ. ನೋಡಿ ಹೊಟ್ಟೆ ಉರಿಯಿತು.

ಚಿಮಣಿಯ ಬಾಯಿ 150 ಮಿ.ಮೀ. ಗೋಡೆಯಲ್ಲಿ ಮೊದಲೇ ಇದ್ದ ತೂತು 100 ಮಿ.ಮೀ. ನಡುವೆ ಒಂದು ಪ್ಲಾಸ್ಟಿಕ್ ರೆಡ್ಯೂಸರ್ (ದೊಡ್ಡ ಬಾಯಿಯನ್ನು ಸಣ್ಣ ಬಾಯಿಗೆ ಸೇರಿಸುವ ತುಂಡು) ಸಿಕ್ಕಿಸಿ, ಟೇಪ್ ಸುತ್ತಿ ಮುಗಿಸಿದ್ದರು. ಪೈಪು ಅಕಾರ್ಡಿಯನ್ ಥರ ಹಿಗ್ಗುವ ಅಲ್ಯೂಮಿನಿಯಂ ಪೈಪು. ದೂರ ಇದ್ದದ್ದು ಒಂದೂವರೆ ಮೀಟರ್. ಮೂರು ಮೀಟರ್ ಪೈಪನ್ನು ಕತ್ತರಿಸದೆ, ಎಳೆದು ಬಿಗಿ ಮಾಡದೆ, ಹಾಗೇ ಕ್ಯಾಬಿನೆಟ್ ಒಳಗೆ ತುರುಕಿದ್ದರು. ಒಂದು ಕಡೆ ಮಡಚಿ ಚಪ್ಪಟೆಯಾಗಿತ್ತು. ಒಳಗೆ ಕೈ ಹಾಕಿದರೆ ಮಡಿಕೆ ಮೇಲೆ ಮಡಿಕೆ, ಪ್ರತಿ ಮಡಿಕೆಯಲ್ಲೂ ಆಗಲೇ ಜಿಡ್ಡು. ಫಿಟ್ಟಿಂಗ್ ಮಾಡಿದವರನ್ನು ಕೇಳಿದ್ದಕ್ಕೆ "ರೆಡ್ಯೂಸರ್ ಬಾಕ್ಸ್‌ನಲ್ಲೇ ಕೊಟ್ಟಿರ್ತಾರಲ್ಲ ಸರ್, ಹಾಕೋಕೇ ಅಲ್ವಾ" ಅಂದರು.

ಈಗ ಲೆಕ್ಕ ನೋಡಿ. 150ರ ಪೈಪಿನ ಬಾಯಿ ಸುಮಾರು 177 ಚದರ ಸೆಂ.ಮೀ. 100ರದ್ದು ಬರೀ 79. ಅಗಲದಲ್ಲಿ ಮೂರನೇ ಒಂದು ಭಾಗ ಕಮ್ಮಿ ಮಾಡಿದರೆ ದಾರಿ ಅರ್ಧಕ್ಕಿಂತ ಕೆಳಗೆ ಹೋಯಿತು. ಗಂಟೆಗೆ 1200 ಘನ ಮೀಟರ್ ಗಾಳಿ ಆ ತೂತಿನಲ್ಲಿ ಹೋಗಬೇಕಾದರೆ ಅದು ಗಂಟೆಗೆ 150 ಕಿ.ಮೀ. ವೇಗದಲ್ಲಿ ಓಡಬೇಕು. ಬಿರುಗಾಳಿ! ಅಡುಗೆಮನೆಯ ಯಾವ ಫ್ಯಾನಿಗೂ ಅದು ಆಗದ ಕೆಲಸ. ಅದೇ ಗಾಳಿಯನ್ನು ಸಣ್ಣ ಪೈಪಿನಲ್ಲಿ ಸಾಗಿಸುವಾಗ ತಡೆ ಹೆಚ್ಚುವುದು ಹೆಚ್ಚುಕಡಿಮೆ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ. 150ರಿಂದ 100ಕ್ಕೆ ಇಳಿದರೆ ಏಳೂವರೆ ಪಟ್ಟು. ತಡೆ ಹೆಚ್ಚಿದಷ್ಟೂ ಫ್ಯಾನು ಸಾಗಿಸುವ ಗಾಳಿ ಕಡಿಮೆ, ಸದ್ದು ಜಾಸ್ತಿ. ಪೆಟ್ಟಿಗೆ ಮೇಲಿನ ಆ ದಪ್ಪ ಸಂಖ್ಯೆ ಎಷ್ಟೋ ಸಲ ತಡೆಯೇ ಇಲ್ಲದ ಕಡೆ ಅಳೆದದ್ದು. ನಮ್ಮ ಗೋಡೆಯ ತೂತು ಅದಕ್ಕೆ ಗೊತ್ತಿಲ್ಲ.

ಇನ್ನೂ ಒಂದು ಲೆಕ್ಕ ಕೊಳ್ಳುವ ಮೊದಲೇ ಮಾಡಬೇಕಿತ್ತು. ನಮ್ಮ ಅಡುಗೆಮನೆ 3.6 ಮೀಟರ್ ಉದ್ದ, 2.8 ಅಗಲ, 2.9 ಎತ್ತರ. ಒಟ್ಟು 29 ಘನ ಮೀಟರ್ ಗಾಳಿ. ಗಂಟೆಗೆ 10ರಿಂದ 12 ಸಲ ಗಾಳಿ ಬದಲಾದರೆ ಸಾಕು ಅನ್ನುವುದು ಸಾಮಾನ್ಯ ಲೆಕ್ಕ. ಅಂದರೆ 350. ಧಾರಾಳವಾಗಿ 400 ಅಂತ ಇಟ್ಟುಕೊಳ್ಳಿ. 150ರ ಪೈಪಿನಲ್ಲಿ 400 ಘನ ಮೀಟರ್ ಹೋಗುವಾಗ ಗಾಳಿಯ ವೇಗ ಗಂಟೆಗೆ 23 ಕಿ.ಮೀ. ಮಾತ್ರ. ಸೈಕಲ್ ವೇಗ. 1200ರದ್ದು ನನಗೆ ಬೇಕೇ ಇರಲಿಲ್ಲ.

ಸರಿ, ಕೋರ್ ಕಟಿಂಗ್ ಮಾಡಿಸಿದೆ, ಅಂದರೆ ಮೆಷಿನ್ನಿನಲ್ಲಿ ಗೋಡೆಗೆ 150ರ ದುಂಡು ತೂತು ಕೊರೆಸಿದೆ. ಹೊಸ ಟೈಲ್ಸ್ ಪಕ್ಕದಲ್ಲೇ ಆ ಮೆಷಿನ್ ತಿರುಗುವಾಗ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆ. ಗೋಡೆ ಮೇಲಿಂದ ಬೂದು ಬಣ್ಣದ ನೀರು ಇಳಿದು ಕಟ್ಟೆ ಪೂರ್ತಿ ಕೆಸರು. ಟೈಲ್ಸ್ ಒಂದೂ ಬಿರಿಯಲಿಲ್ಲ. ಕೆಲಸದವರ ಕೈಚಳಕ ನಿಜವಾಗಲೂ ದೊಡ್ಡದು.

ಒಳಗೆ ನುಣುಪಾಗಿರುವ ಗಟ್ಟಿ ಪೈಪು ಆರ್ಡರ್ ಮಾಡಿದೆ. ಅಲ್ಲಿ ಮತ್ತೊಂದು ಕಥೆ. 150ರ ಎಲ್ಬೋ (ಪೈಪು ತಿರುಗಿಸುವ ಬಾಗಿದ ತುಂಡು) ಕೇಳಿದರೆ 125ರದ್ದು ಬಂತು. ವಾಪಸ್ ಕಳಿಸಿದೆ. ಎರಡನೇ ಸಲ 150ರದ್ದೇ ಬಂತು, ಆದರೆ ಪೈಪಿನಲ್ಲೂ ಎಲ್ಬೋದಲ್ಲೂ 150 ಅಂದರೆ ಒಳ ಅಳತೆ. ಒಂದರೊಳಗೆ ಒಂದು ಕೂರಲೇ ಇಲ್ಲ. ಎರಡೂ ಒಂದೇ ಕಡೆ ತೆಗೆದುಕೊಳ್ಳಿ, ಅಥವಾ ಆರ್ಡರ್ ಮಾಡುವ ಮೊದಲು ಒಳಗೋ ಹೊರಗೋ ಅಂತ ಕೇಳಿ. ನನಗೆ ಇದರಲ್ಲೇ ಒಂಬತ್ತು ದಿನ ಹೋಯಿತು. ಒಂದೇ ಸಲ 90 ಡಿಗ್ರಿ ತಿರುಗಿಸುವ ಬದಲು ನಡುವೆ ಒಂದು ನೇರ ತುಂಡು ಬಿಟ್ಟು ಎರಡು 45 ಡಿಗ್ರಿ ಎಲ್ಬೋ ಹಾಕಿದೆ. ಜಾಯಿಂಟಿಗೆಲ್ಲ ಅಲ್ಯೂಮಿನಿಯಂ ಟೇಪ್. ಹೊರಗೆ ತೆಳು ರೆಕ್ಕೆಗಳ ಮುಚ್ಚಳ, ಹಕ್ಕಿ ಬರದ ಹಾಗೆ.

ಈಗ ನೋಡಿ, ಎರಡನೇ ಸ್ಪೀಡಿನಲ್ಲೇ ಮೊದಲಿನ ಮೂರನೇ ಸ್ಪೀಡಿಗಿಂತ ಚೆನ್ನಾಗಿ ಎಳೆಯಿತು. ಸದ್ದು ಕೂಡ ಇಳಿಯಿತು, ಫೋನಿನ ಆಪ್‌ನಲ್ಲಿ 71 ಡೆಸಿಬೆಲ್ ತೋರಿಸುತ್ತಿದ್ದದ್ದು 62ಕ್ಕೆ ಬಂತು. ಆದರೆ ಮೂರನೇ ಸ್ಪೀಡಿಗೆ ಹಾಕಿದರೆ ಸದ್ದು ಮಾತ್ರ ಏರುತ್ತದೆ, ಎಳೆತ ಏರುವುದಿಲ್ಲ. ಹಬೆಯ ಒಂದು ಬಾಲ ಬಲಗಡೆಯಿಂದ ಇನ್ನೂ ತಪ್ಪಿಸಿಕೊಳ್ಳುತ್ತಿತ್ತು. ದಾರಿ ದೊಡ್ಡದಾಗಿದೆ, ಮೋಟಾರು ಹೊಸದು, ಫಿಲ್ಟರ್ ಫಳಫಳ. ಇನ್ನೇನು ಬೇಕು ಇದಕ್ಕೆ? ಎರಡು ದಿನ ಅದನ್ನೇ ನೋಡುತ್ತಾ ಕೂತಿದ್ದೆ.

ನಿನ್ನೆ ರಾತ್ರಿ ಎಲ್ಲ ಲೈಟು ಆರಿಸಿದೆ. ಸಣ್ಣ ಇಂಡಕ್ಷನ್ ಒಲೆ ಮೇಲೆ ಅಗಲವಾದ ಪಾತ್ರೆಯಲ್ಲಿ ನೀರು ಕುದಿಸಲು ಇಟ್ಟು, ಪಕ್ಕದಿಂದ ಟಾರ್ಚ್ ಹಿಡಿದೆ. ಕತ್ತಲಲ್ಲಿ ಪಕ್ಕದಿಂದ ಬೆಳಕು ಬಿದ್ದರೆ ಹಬೆಯ ಒಂದೊಂದು ಎಳೆಯೂ ಕಾಣುತ್ತದೆ. ಬೇರೆ ಏನೂ ಉಪಕರಣ ಬೇಡ, ಇದೊಂದನ್ನು ಖಂಡಿತ ಮಾಡಿ ನೋಡಿ. ಎಡಗಡೆ ಎಳೆಗಳು ನೆಟ್ಟಗೆ ಮೇಲೆ ಹೋಗುತ್ತಿದ್ದವು. ಬಲಗಡೆ ಎಳೆಗಳು ಮೇಲೇರಿ, ಅಂಚಿನ ಹತ್ತಿರ ಒಂದು ಕ್ಷಣ ತಡವರಿಸಿ, ಸುರುಳಿ ಸುತ್ತಿ ಹೊರಗೆ ಜಾರುತ್ತಿದ್ದವು. ಅಷ್ಟರಲ್ಲಿ ಅಕ್ಕ ಬಾಗಿಲು ತೆಗೆದಳು.

"ಏನೋ ಇದು, ಕತ್ತಲಲ್ಲಿ ಕೂತಿದ್ದೀಯಾ?"

ಅವಳು ಮಾತು ಮುಗಿಸುವ ಮೊದಲೇ ಆ ಸುರುಳಿ ಬಿಚ್ಚಿಕೊಂಡು ನೆಟ್ಟಗಾಯಿತು. ಯಾರೋ ದಾರ ಹಿಡಿದು ಮೇಲಕ್ಕೆ ಎಳೆದ ಹಾಗೆ. ಒಂದು ಎಳೆಯೂ ಹೊರಗೆ ಹೋಗಲಿಲ್ಲ.

"ಅಕ್ಕಾ, ಬಾಗಿಲು ಹಾಕು."

ಹಾಕಿದಳು. ಸುರುಳಿ ವಾಪಸ್ ಬಂತು.

"ತೆಗಿ."

ನೆಟ್ಟಗಾಯಿತು. ಹೀಗೆ ಆರು ಸಲ ಹಾಕಿಸಿ ತೆಗೆಸಿದೆ. ಏಳನೇ ಸಲಕ್ಕೆ ಅವಳೇ ಟಾರ್ಚ್ ಕಸಿದುಕೊಂಡು "ನೀನು ಬಾಗಿಲಿಗೆ ಹೋಗು, ನಾನೂ ನೋಡ್ಬೇಕು" ಅಂದಳು.

ಗಾಳಿ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಇದು ಗೊತ್ತಿಲ್ಲದ ವಿಷಯವೇನಲ್ಲ, ಆದರೆ ಲೆಕ್ಕ ಹಾಕಿರಲಿಲ್ಲ. ಈ ಸಲದ ಕೆಲಸದಲ್ಲಿ ಹಳೇ ಕಿಟಕಿ ತೆಗೆದು ರಬ್ಬರ್ ಪಟ್ಟಿಯ ಹೊಸ ಕಿಟಕಿ ಹಾಕಿಸಿದ್ದೆವು. ಧೂಳು ಬರಬಾರದು ಅಂತ. ಈಗ ಧೂಳೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಉಳಿದದ್ದು ಬಾಗಿಲ ಕೆಳಗಿನ ಸಂದಿ. ಅಳತೆ ಪಟ್ಟಿ ತಂದು ನೋಡಿದೆ. 80 ಸೆಂ.ಮೀ. ಅಗಲ, 1 ಸೆಂ.ಮೀ. ಎತ್ತರ. 80 ಚದರ ಸೆಂ.ಮೀ.

ಆ ಹಳೇ 100ರ ಪೈಪಿನ ಬಾಯಿ ಎಷ್ಟಿತ್ತು? 79!

ಗೋಡೆ ಕೊರೆಸಿ, ಪೈಪು ಬದಲಿಸಿ, ಒಂಬತ್ತು ದಿನ ಕಾದು ಹೊರಗಿನ ಬಾಯಿ ದೊಡ್ಡದು ಮಾಡಿದೆ. ಒಳಗಿನ ಬಾಯಿ ಅದೇ 100ರ ಪೈಪಿನಷ್ಟೇ ಇತ್ತು. ಚಿಮಣಿ ಜೋರಾಗಿ ಓಡುವಾಗ ಅಡುಗೆಮನೆ ಬಾಗಿಲು ಎಳೆಯಲು ಸ್ವಲ್ಪ ಭಾರ ಅನಿಸುತ್ತಿತ್ತು, ಕೆಳಗೆ ಸುಯ್ ಅನ್ನುತ್ತಿತ್ತು. ಹೊಸ ಹಿಂಜು ಬಿಗಿ ಇರಬೇಕು ಅಂತ ಎಣ್ಣೆ ಬೇರೆ ಬಿಟ್ಟಿದ್ದೆ.

ಕಿಟಕಿಯನ್ನು 2 ಸೆಂ.ಮೀ. ಸರಿಸಿದೆ. ಅದು ಒಂದು ಮೀಟರ್ ಎತ್ತರದ್ದು, ಅಂದರೆ 200 ಚದರ ಸೆಂ.ಮೀ. ದಾರಿ. ಬಾಗಿಲು ಹಾಕಿದೆ. ಹಬೆ ನೆಟ್ಟಗೆ ಮೇಲೆ ಹೋಯಿತು. ಎರಡನೇ ಸ್ಪೀಡು, 58 ಡೆಸಿಬೆಲ್. ಮಾತಾಡುತ್ತಾ ಅಡುಗೆ ಮಾಡಬಹುದು.

ಒಂದು ಮಾತು, ಇದನ್ನು ಲಘುವಾಗಿ ತಗೋಬೇಡಿ. ಮನೆಯಲ್ಲಿ ಗ್ಯಾಸ್ ಗೀಸರ್ ಅಥವಾ ಸೌದೆ ಒಲೆ ಇದ್ದು, ಅದರ ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವಂತಿದ್ದರೆ, ಮುಚ್ಚಿದ ಮನೆಯಲ್ಲಿ ಜೋರು ಚಿಮಣಿ ಆ ಹೊಗೆಯನ್ನೇ ವಾಪಸ್ ಒಳಗೆ ಎಳೆಯಬಹುದು. ಆ ಹೊಗೆಯಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಜೀವ ತೆಗೆಯುತ್ತದೆ. ಒಳಗೆ ಗಾಳಿ ಬರುವ ದಾರಿ ಮೊದಲು, ಚಿಮಣಿ ಆಮೇಲೆ.

ಈಗ ಯಂತ್ರಗಳ ಪಟ್ಟಿಯ ವಿಷಯ. ಹಾಬ್ (ಕಟ್ಟೆಯಲ್ಲೇ ಕೂರಿಸುವ ಒಲೆ) ಇನ್ನೂ ಆರ್ಡರ್ ಮಾಡಿರಲಿಲ್ಲ, ಅದೇ ಪುಣ್ಯ. ಮನಸ್ಸಿನಲ್ಲಿದ್ದದ್ದು 75 ಸೆಂ.ಮೀ. ಅಗಲದ್ದು. ಚಿಮಣಿ 60ರದ್ದು. ಹಬೆ ಮೇಲೇರುತ್ತಾ ಹರಡುತ್ತದೆ, ಹಾಗಾಗಿ ಚಿಮಣಿ ಹಾಬಿನಷ್ಟಾದರೂ ಅಗಲ ಇರಬೇಕು, ಇನ್ನೂ ಜಾಸ್ತಿ ಇದ್ದರೆ ಒಳ್ಳೇದು. 60ರ ಇಂಡಕ್ಷನ್ ಹಾಬಿಗೆ ಇಳಿದೆ. ನಾಲ್ಕು ಒಲೆ ಸೇರಿ 7.2 ಕಿಲೋವ್ಯಾಟ್. 230 ವೋಲ್ಟಿಗೆ ಅದು 31 ಆಂಪಿಯರ್, ಸಾಮಾನ್ಯ ಪಾಯಿಂಟಿಗೆ ಸಿಕ್ಕಿಸುವ ಮಾತೇ ಇಲ್ಲ. ಮೀಟರ್ ಬೋರ್ಡಿನಿಂದ ಬೇರೆ ಲೈನ್, ಬೇರೆ ಬ್ರೇಕರ್. ಇಂಡಕ್ಷನ್ನಿಗೆ ಮ್ಯಾಗ್ನೆಟ್ ಅಂಟುವ ತಳದ ಪಾತ್ರೆಯೇ ಬೇಕು, ಹಾಗಾಗಿ ಮ್ಯಾಗ್ನೆಟ್ ಹಿಡಿದು ಪಾತ್ರೆಗಳನ್ನೆಲ್ಲ ನೋಡಿ ಆಯಿತು. ಹನ್ನೊಂದರಲ್ಲಿ ನಾಲ್ಕಕ್ಕೆ ಅಂಟಲೇ ಇಲ್ಲ. ಒಂದಕ್ಕೆ ತಳದ ನಡುವೆ ಮಾತ್ರ ಅಂಟಿತು, ಅಂಚಿಗೆ ಇಲ್ಲ. ಅಂಥ ಪಾತ್ರೆ ನಡುವೆ ಸೀದು ಅಂಚಿನಲ್ಲಿ ಹಸಿ ಉಳಿಸುತ್ತದೆ, ಹಾಗಾಗಿ ತಳದ ಮೇಲೆ ಪೂರ್ತಿ ಓಡಿಸಿ ನೋಡಿ.

ಫ್ರಿಜ್ ಕೂಡ ಗೋಡೆ ಮೂಲೆಯಿಂದ ಜಾಗ ಬದಲಿಸಿತು. ಬಾಗಿಲು 90 ಡಿಗ್ರಿಗೆ ನಿಂತರೆ ಒಳಗಿನ ಡ್ರಾಯರ್ ಪೂರ್ತಿ ಹೊರಗೆ ಬರುವುದಿಲ್ಲ ಅಂತ ಅಂಗಡಿಯಲ್ಲೇ ಎಳೆದು ನೋಡಿದಾಗ ಗೊತ್ತಾಯಿತು. ಡಿಶ್‌ವಾಷರ್ ಮುಂದಿನ ಕಂತಿಗೆ. ಅದರ ಪ್ಲಗ್ ಹಿಂದುಗಡೆ ಬೇಡ, ಪಕ್ಕದ ಕ್ಯಾಬಿನೆಟ್ಟಿನಲ್ಲಿ ಇರಲಿ ಅಂತ ಎಲೆಕ್ಟ್ರಿಷಿಯನ್‌ಗೆ ಹೇಳಿಟ್ಟಿದ್ದೇನೆ.

ಅಂದ ಹಾಗೆ, ಬದಲಿಸಿ ಕೊಟ್ಟ ಮೇಲೆ ಹಳೇ ಮೋಟಾರನ್ನು ಯಾರೂ ವಾಪಸ್ ಕೇಳಲಿಲ್ಲ. ಚೆನ್ನಾಗಿಯೇ ಇದೆ! ಮೇಜಿನ ಮೇಲೆ ಬೆಸುಗೆ ಹಾಕುವಾಗ ಏಳುವ ಹೊಗೆ ಎಳೆಯಲು ಇದನ್ನೇ ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸುವ ಯೋಚನೆ. ಮುಂದೆ ಪಾರದರ್ಶಕ ಹಾಳೆ, ಮೇಲೆ 150ರ ಪೈಪು, ಬುಡದಲ್ಲಿ ಗಾಳಿ ಬರಲು ಅಗಲವಾದ ಸೀಳು. ನಕ್ಷೆ ರಾತ್ರಿಯೇ ಬರೆದಾಯಿತು, ಸೀಳಿನ ಅಳತೆ ಮೊದಲು ಬರೆದೆ.

ಅಡುಗೆಮನೆ ಬಾಗಿಲ ಕೆಳಭಾಗಕ್ಕೆ 30 × 15 ಸೆಂ.ಮೀ. ಗ್ರಿಲ್ ಕೂರಿಸಲು ಬಡಗಿಗೆ ಹೇಳಿದ್ದೇನೆ. ಪಟ್ಟಿಗಳು ಅರ್ಧ ಜಾಗ ತಿಂದರೂ 225 ಚದರ ಸೆಂ.ಮೀ. ಉಳಿಯುತ್ತದೆ. ಶನಿವಾರ ಬರುತ್ತಾರಂತೆ. ಅಲ್ಲಿವರೆಗೆ ಕಿಟಕಿ ಪೂರ್ತಿ ಮುಚ್ಚದ ಹಾಗೆ 2 ಸೆಂ.ಮೀ. ಮರದ ತುಂಡೊಂದನ್ನು ಇಟ್ಟಿದ್ದೇನೆ. ಅದರ ಮೇಲೆ ಅಕ್ಕ ಸ್ಕೆಚ್ ಪೆನ್ನಿನಲ್ಲಿ "ತೆಗೀಬೇಡಿ" ಅಂತ ಬರೆದಿದ್ದಾಳೆ.