ಒಂದು ದ್ವೀಪ, ಎರಡು ಸ್ಕಾಟ್‌ಲೆಂಡ್: ಹೋಲಿಕೆಯ ಕೆಲಸ ಎಲ್ಲಿಗೆ ಬಂತು

ಟಿನ್‌ಟಿನ್ ಚಿತ್ರಕಥಾ ಸರಣಿಯ ‘ದಿ ಬ್ಲ್ಯಾಕ್ ಐಲೆಂಡ್’ ಪುಸ್ತಕದ ಎರಡು ಆವೃತ್ತಿಗಳ ಹೋಲಿಕೆ ಅರ್ಧ ದಾಟಿದೆ. ಮೇಜಿನ ಎಡಕ್ಕೆ 1943ರ ಬಣ್ಣದ ಫ್ರೆಂಚ್ ಆವೃತ್ತಿಯ ಮರುಮುದ್ರಣ, ಬಲಕ್ಕೆ ನಾವೆಲ್ಲ ಓದಿ ಬೆಳೆದ ಇಂಗ್ಲಿಷ್ ಪ್ರತಿ, ನಡುವೆ ನೋಟ್‌ಬುಕ್. ಪ್ರತಿ ಚೌಕವನ್ನೂ ಅದರ ಜೋಡಿಯೊಂದಿಗೆ ಇಟ್ಟು ನೋಡಿ, ಬದಲಾದದ್ದನ್ನು ಬರೆದುಕೊಳ್ಳುವುದಷ್ಟೇ ಕೆಲಸ. ನನ್ನ ಫ್ರೆಂಚ್ ಮೆನು ಓದುವ ಮಟ್ಟದ್ದು. ಅದರಿಂದ ತೊಂದರೆಯಿಲ್ಲ, ನಾನು ಹುಡುಕುತ್ತಿರುವ ವ್ಯತ್ಯಾಸಗಳೆಲ್ಲ ಚಿತ್ರಗಳಲ್ಲಿವೆ.

ಈ ಆಲ್ಬಮ್ಮನ್ನೇ, ಅಂದರೆ ಸರಣಿಯ ಈ ಪುಸ್ತಕವನ್ನೇ, ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅನುವಾದವೆಂದರೆ ಮೂಲ ಅಲುಗಾಡದೆ ಕುಳಿತಿರುತ್ತದೆ, ಇನ್ನೊಂದು ಭಾಷೆ ಅದರ ಸುತ್ತ ಓಡಾಡುತ್ತದೆ ಎಂದುಕೊಂಡಿರುತ್ತೇವೆ. ಇಲ್ಲಿ ಆದದ್ದು ತಿರುಗುಮುರುಗು. ಟಿನ್‌ಟಿನ್‌ನ ಕರ್ತೃ ಎರ್ಜೆ ಈ ಕಥೆಯನ್ನು 1937–38ರಲ್ಲಿ ಬೆಲ್ಜಿಯಂನ ಮಕ್ಕಳ ಪುರವಣಿಯೊಂದಕ್ಕೆ ಕಪ್ಪು-ಬಿಳುಪಿನಲ್ಲಿ ಬರೆದರು. 1943ರಲ್ಲಿ ಅದು 60 ಪುಟಗಳಿಗೆ ಇಳಿದು ಬಣ್ಣ ಪಡೆಯಿತು. ಟಿನ್‌ಟಿನ್ ಆಲ್ಬಮ್‌ಗಳನ್ನು 1958ರಿಂದ ಇಂಗ್ಲಿಷಿನಲ್ಲಿ ತರುತ್ತಿದ್ದ ಲಂಡನ್ನಿನ ಮೆಥುಯೆನ್ ಪ್ರಕಾಶನ ಇದನ್ನೂ ತರಲು ಹೊರಟಾಗ, ಕಥೆ ನಡೆಯುವುದೇ ಬ್ರಿಟನ್ನಿನಲ್ಲಿ, ಆದರೆ ಈ ಬ್ರಿಟನ್ ನಮ್ಮದಲ್ಲ ಎಂದು 131 ತಪ್ಪುಗಳ ಪಟ್ಟಿ ಕಳುಹಿಸಿತು. 1961ರಲ್ಲಿ ಎರ್ಜೆ ತಮ್ಮ ಸಹಾಯಕ ಬಾಬ್ ಡ ಮೂರ್ ಅವರನ್ನು ಸ್ಕಾಟ್‌ಲೆಂಡಿಗೆ ಅಟ್ಟಿದರು. ಅವರು ತಂದ ಟಿಪ್ಪಣಿ, ರೇಖಾಚಿತ್ರಗಳ ಆಧಾರದ ಮೇಲೆ ಎರ್ಜೆಯ ಸ್ಟುಡಿಯೊ ಇಡೀ ಪುಸ್ತಕದ ಚಿತ್ರಗಳನ್ನು ಮತ್ತೆ ಬರೆಯಿತು. 1966ರಲ್ಲಿ ಬಂದ ಆ ಆಲ್ಬಮ್ಮೇ ಇಂದು ಫ್ರೆಂಚ್ ಓದುಗನ ಕೈಯಲ್ಲಿರುವುದೂ. ಅನುವಾದಕ್ಕೆ ಹೊರಟವರು ಮೂಲವನ್ನೇ ತಿದ್ದಿಸಿಬಿಟ್ಟರು!

ಚೌಕಗಳ ಜೋಡಣೆ ಬಹುಪಾಲು ಉಳಿದಿರುವುದರಿಂದ ಹೋಲಿಕೆ ಸುಲಭ. ಈವರೆಗೆ ನೋಟ್‌ಬುಕ್ಕಿಗೆ ಬಂದದ್ದರಲ್ಲಿ ರೈಲಿನದೇ ದೊಡ್ಡ ಪಾಲು. ಹೊಗೆ ಉಗುಳುವ ಎಂಜಿನ್ ಮಾಯವಾಗಿ ವಿದ್ಯುತ್ ರೈಲು ಬಂದಿದೆ. ಪೊಲೀಸರ ಬಂದೂಕು ಹೋಗಿದೆ. ಬ್ರಿಟನ್ನಿನ ಸಾಮಾನ್ಯ ಪೇದೆ ಬಂದೂಕು ಹಿಡಿಯುವುದಿಲ್ಲ ಎಂಬುದು ಬ್ರಸೆಲ್ಸಿನಲ್ಲಿ ಕುಳಿತವರಿಗೆ ಹೊಳೆದಿರಲಿಕ್ಕಿಲ್ಲ. ಕಾರು, ವಿಮಾನ, ಬೀದಿಯ ಉಡುಪು ಎಲ್ಲವೂ ಮೂವತ್ತರ ದಶಕದಿಂದ ಅರವತ್ತರ ದಶಕಕ್ಕೆ ಜಿಗಿದಿವೆ.

ನನಗೆ ಇಷ್ಟವಾದ ಬದಲಾವಣೆ ವಿಸ್ಕಿ ಟ್ಯಾಂಕರ್ ವ್ಯಾಗನ್ನಿನದು. ಹಳೆಯದರಲ್ಲಿ ಅದರ ಮೇಲೆ ಜಾನಿ ವಾಕರ್ ಎಂಬ ನಿಜವಾದ ಹೆಸರಿದೆ. ಹೊಸದರಲ್ಲಿ ಲಾಕ್ ಲೊಮಂಡ್. ಅದು ಟಿನ್‌ಟಿನ್‌ನ ಗೆಳೆಯ ಕ್ಯಾಪ್ಟನ್ ಹ್ಯಾಡಕ್‌ನ ಅಚ್ಚುಮೆಚ್ಚಿನ ವಿಸ್ಕಿ. ಹ್ಯಾಡಕ್ ಮಹಾಶಯ ಈ ಕಥೆಯಲ್ಲಿ ಇಲ್ಲವೇ ಇಲ್ಲ, ಅವನು ಸರಣಿಗೆ ಕಾಲಿಡುವುದು ನಂತರ. ಆದರೂ ಅವನ ಪಾನೀಯ ಮುಂಚಿತವಾಗಿ ಬಂದು ಟಿನ್‌ಟಿನ್‌ನ ನಾಯಿ ಸ್ನೋಯಿಗೆ ಅಮಲೇರಿಸಿ ಹೋಗಿದೆ.

ಇನ್ನು ದೂರು. ಅಗ್ನಿಶಾಮಕ ಠಾಣೆಯ ಕೀಲಿ ಕಳೆದುಹೋಗುವ ಪ್ರಸಂಗವನ್ನು ಎರಡರಲ್ಲೂ ಮತ್ತೆ ಮತ್ತೆ ನೋಡಿದೆ. ಮನೆ ಉರಿಯುತ್ತಿದೆ, ಇವರು ಕೀಲಿಗಾಗಿ ಪರದಾಡುತ್ತಿದ್ದಾರೆ, ಕದ್ದದ್ದು ಮ್ಯಾಗ್‌ಪೈ ಹಕ್ಕಿ. 1943ರದ್ದರಲ್ಲಿ ಹಿನ್ನೆಲೆ ತೆಳು. ಕಣ್ಣು ನೇರ ಮನುಷ್ಯರ ಗಡಿಬಿಡಿಗೆ ಹೋಗುತ್ತದೆ, ನಗು ಬೇಗ ಬರುತ್ತದೆ. 1966ರದ್ದರಲ್ಲಿ ಪ್ರತಿಯೊಂದು ವಸ್ತುವೂ ‘ನನ್ನನ್ನು ನೋಡಿ, ನಾನು ಸರಿಯಾಗಿದ್ದೇನೆ’ ಎನ್ನುತ್ತದೆ. ರೇಖೆ ಶುದ್ಧವಾಗಿದೆ, ಓಟ ಕುಂಟುತ್ತದೆ. ಹೀಗೆ ಅನ್ನಿಸಿದ್ದು ನನಗೊಬ್ಬನಿಗೇ ಅಲ್ಲ. ಹಳೆಯ ಆವೃತ್ತಿಯ ಪರ ವಾದಿಸುವ ಟಿನ್‌ಟಿನ್ ಅಭಿಮಾನಿಗಳು ಬಹಳ ಮಂದಿ ಇದ್ದಾರೆ. ಮೆಥುಯೆನ್ ಕೇಳಿದ್ದು 131 ತಿದ್ದುಪಡಿ. ಸಿಕ್ಕಿದ್ದು ಬೇರೆಯೇ ಪುಸ್ತಕ. ಪಟ್ಟಿಯಲ್ಲಿದ್ದಷ್ಟನ್ನೇ ತಿದ್ದಿದ್ದರೆ ಸಾಕಿತ್ತು ಎಂಬುದು ಸದ್ಯದ ನನ್ನ ತೀರ್ಪು.

ಸದ್ಯದ್ದು ಎನ್ನುವುದಕ್ಕೆ ಕಾರಣ ಕಿಲ್ಟಾಕ್. ಆ ಕಲ್ಪಿತ ಮೀನುಗಾರರ ಊರಿನ ಪುಟಗಳನ್ನು ಮುಂದಾಗಿ ಇಣುಕಿ ನೋಡಿದ್ದೇನೆ. ಅಲ್ಲಿ ಮಾತ್ರ ಹೊಸ ಆವೃತ್ತಿ ಗೆಲ್ಲುವಂತಿದೆ: ತೇವದ ಕಲ್ಲು, ದಡದ ಮನೆಗಳು, ಸಮುದ್ರದ ಬಣ್ಣ. ಡ ಮೂರ್ ಹೋಗಿ ನೋಡಿದ್ದಕ್ಕೆ ಅಲ್ಲಿ ಬೆಲೆ ಬಂದಿದೆ.

ಇದು ಮುಗಿದ ಮೇಲೆ ‘ಲ್ಯಾಂಡ್ ಆಫ್ ಬ್ಲ್ಯಾಕ್ ಗೋಲ್ಡ್’. ಅಲ್ಲಿಯೂ ಮೆಥುಯೆನ್ನಿನದೇ ಒತ್ತಾಯ, ಆದರೆ ಪ್ರಶ್ನೆ ಇನ್ನೂ ಗಟ್ಟಿ. 1950ರ ಆಲ್ಬಮ್‌ನಲ್ಲಿ ಟಿನ್‌ಟಿನ್ ಬಂದಿಳಿಯುವುದು ಬ್ರಿಟಿಷ್ ಆಳ್ವಿಕೆಯ ಪ್ಯಾಲೆಸ್ಟೈನ್‌ನ ಹೈಫಾದಲ್ಲಿ. 1971ರ ಪರಿಷ್ಕರಣೆಯಲ್ಲಿ ಬ್ರಿಟಿಷರೂ ಇಲ್ಲ, ಹೈಫಾವೂ ಇಲ್ಲ. ಎಲ್ಲವೂ ಖೆಮೆಡ್ ಎಂಬ ಕಲ್ಪಿತ ದೇಶಕ್ಕೆ ಸರಿದಿದೆ. ಬರೀ ಗೀಚಾಗಿದ್ದ ಅರೇಬಿಕ್ ಫಲಕಗಳು ನಿಜವಾದ ಅರೇಬಿಕ್ ಆಗಿವೆ. ಫಲಕ ಸರಿಯಾಯಿತು, ಚರಿತ್ರೆ ಅಳಿಯಿತು. ಇದಕ್ಕೆ ನೋಟ್‌ಬುಕ್ಕಿನಲ್ಲಿ ಬೇರೆ ಅಂಕಣವೇ ಬೇಕು, ಹಳೆಯ ಆವೃತ್ತಿಯ ಪ್ರತಿಯೂ ಬೇಕು. ಬೆಲೆ ವಿಚಾರಿಸಿದ್ದೇನೆ, ಆತುರಪಡುವಂತಿಲ್ಲ. ಅಷ್ಟರಲ್ಲಿ ಕೋಟೆಯ ಪುಟಗಳೂ ಗೊರಿಲ್ಲಾ ರಾಂಕೊನೂ ಮುಗಿಯಬೇಕು.