ಗೇಟು ಡಿಸೈನ್ ಮಾಡುವಾಗ ರಿಪೇರಿಯವರನ್ನೂ ನೆನೆಯಿರಿ

ಅಣೆಕಟ್ಟಿನ ಗೇಟು ಡಿಸೈನ್ ಮಾಡುವುದು ನನ್ನ ಕೆಲಸ. ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ತೋರಿಸುವುದು ಲಂಡನ್ನಿನ ಥೇಮ್ಸ್ ಬ್ಯಾರಿಯರ್, ಅಂದರೆ ಸಮುದ್ರದ ಪ್ರವಾಹ ತಡೆಯಲು ಥೇಮ್ಸ್ ನದಿಗೆ ಕಟ್ಟಿದ ಗೇಟುಗಳ ಸಾಲು. ನದಿಗೆ ಅಡ್ಡಲಾಗಿ ಸಾಲಾಗಿ ನಿಂತ ಬೆಳ್ಳಿ ಬಣ್ಣದ ಚಿಪ್ಪುಗಳನ್ನು ನೋಡಿ ಎಲ್ಲರೂ ಖುಷಿಪಡುತ್ತಾರೆ. ಆದರೆ ಅವು ಗೇಟಲ್ಲ. ಗೇಟು ಎತ್ತುವ ಯಂತ್ರಗಳಿಗೆ ಹೊದಿಸಿದ ಚಾವಣಿ. ಒಳಗೆ ಮರದ ಚೌಕಟ್ಟು, ಮೇಲೆ ಸ್ಟೇನ್‌ಲೆಸ್ ಸ್ಟೀಲ್. ಇಷ್ಟು ಚಂದದ ಯಂತ್ರದ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಗೇಟುಗಳು ನದಿಯ ತಳದಲ್ಲಿ ಮಲಗಿರುತ್ತವೆ. 1953ರಲ್ಲಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಲಂಡನ್ ಉಳಿಯಲು ತಡೆ ಬೇಕಿತ್ತು, ಹಡಗುಗಳಿಗೆ ದಾರಿಯೂ ಬೇಕಿತ್ತು. ಮೇಲಿಂದ ಇಳಿಯುವ ಗೇಟಾದರೆ ಹಡಗು ನುಸುಳುವಷ್ಟು ಎತ್ತರದ ಗೋಪುರ ಕಟ್ಟಬೇಕು. ಚಾರ್ಲ್ಸ್ ಡ್ರೇಪರ್ ಎಂಬ ಎಂಜಿನಿಯರ್‌ಗೆ ಗ್ಯಾಸ್ ಒಲೆಯ ನಲ್ಲಿ ನೋಡಿ ತಿರುಗುವ ಗೇಟು ಹೊಳೆಯಿತು. ಮಲಗಿದ ಗೇಟು 90 ಡಿಗ್ರಿ ತಿರುಗಿ ಎದ್ದರೆ ಗೋಡೆ. ಮಧ್ಯದ ನಾಲ್ಕು ದಾರಿಗಳು ತಲಾ 61 ಮೀಟರ್ ಅಗಲ. ಅಲ್ಲಿನ ಒಂದೊಂದು ಗೇಟೂ 3,000 ಟನ್‌ಗಿಂತ ಜಾಸ್ತಿ ಭಾರ.

ನನಗೆ ತುಂಬಾ ಇಷ್ಟವಾಗುವುದು ಮುಂದಿನ ತಿರುವು. ಅದೇ ಗೇಟನ್ನು ಇನ್ನೂ ತಿರುಗಿಸಿದರೆ ಪೂರ್ತಿ ನೀರಿನ ಮೇಲೆ ಬರುತ್ತದೆ. ಕೆಳಗೆ ನದಿ ಹರಿಯುತ್ತಿರುತ್ತದೆ, ಮೇಲೆ ಬಣ್ಣ ಬಳಿಯಬಹುದು, ರಿಪೇರಿ ಮಾಡಬಹುದು. ಬಣ್ಣ ಬಳಿಯುವವರು ಎಲ್ಲಿ ನಿಲ್ಲಬೇಕು ಅಂತ ಡ್ರಾಯಿಂಗ್ ಹಂತದಲ್ಲೇ ಯೋಚಿಸಿದ್ದಾರೆ, ಅಲ್ವಾ! ಪ್ರವಾಹ ಬರಲಿ ಬಿಡಲಿ, ತಿಂಗಳಿಗೊಮ್ಮೆ ಗೇಟು ಮುಚ್ಚಿಯೂ ನೋಡುತ್ತಾರೆ.

ನಮ್ಮ ಅಣೆಕಟ್ಟುಗಳ ಗೇಟು ಬೇರೆ ಥರದವು, ಹಾಗೆ ತಿರುಗಿಸಲು ಆಗುವುದಿಲ್ಲ. ಅದಕ್ಕೇ ಗೇಟಿನ ಮುಂದೆ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕವಾಗಿ ನೀರು ತಡೆಯಲು ಒಂದರ ಮೇಲೊಂದು ಕೂರಿಸುವ ತಡೆಹಲಗೆಗಳನ್ನು ಇಳಿಸುವ ವ್ಯವಸ್ಥೆ ಬೇಕು. ನೀರು ನಿಲ್ಲಿಸಿ ಗೇಟು ಮುಟ್ಟಲು ಅದೇ ದಾರಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾದಾಗ, ರಭಸದಿಂದ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಬೇಕಾಯಿತು. ಆ ಕೆಲಸ ಮಾಡಿದವರ ಧೈರ್ಯ ದೊಡ್ಡದು. ಅಂಥ ಧೈರ್ಯದ ಅಗತ್ಯವೇ ಬೀಳದ ಹಾಗೆ ಡಿಸೈನ್ ಮಾಡಬೇಕಾದವರು ನಾವು.

ಈಗ ಡ್ರಾಯಿಂಗ್ ನನ್ನ ಟೇಬಲ್‌ಗೆ ಬಂದಾಗ ಮೊದಲು ಏಣಿ ಎಲ್ಲಿದೆ ನೋಡುತ್ತೇನೆ. ಬೇರಿಂಗ್‌ಗೆ ಗ್ರೀಸ್ ಹಾಕಲು ಕೈ ಹೋಗುತ್ತದಾ, ಹಳೆಯ ರಬ್ಬರ್ ಸೀಲ್ ಬಿಚ್ಚಲು ಜಾಗ ಇದೆಯಾ ಅಂತ ಕೇಳುತ್ತೇನೆ. ಖರ್ಚು ಇಳಿಸುವ ಮಾತು ಬಂದರೆ ಮೊದಲು ಕತ್ತರಿ ಬೀಳುವುದು ಇವಕ್ಕೇ. ಆ ಮೀಟಿಂಗ್‌ಗಳಲ್ಲಿ ನಾನು ಹಟ ಹಿಡಿದು ಕೂರುತ್ತೇನೆ.