ಉಯಿಲಿನ ಪದಗಳು: ಯಾರಿಗೆ ಅಧಿಕಾರ, ಯಾರಿಗೆ ಆಸ್ತಿ

ತಂದೆಯವರು ತೀರಿಕೊಂಡ ಕೆಲವು ವಾರಗಳ ನಂತರ ಅವರ ಉಯಿಲನ್ನು ಓದಲು ಕುಳಿತಾಗ, ಎಕ್ಸಿಕ್ಯೂಟರ್ ಎಂಬ ಪದದ ಮುಂದೆ ನನ್ನ ಹೆಸರಿತ್ತು. ಆಸ್ತಿಯೆಲ್ಲವೂ ನನಗೇ ಬಂದಿದೆಯೆಂದು ತಮ್ಮ ತಿಳಿದುಕೊಂಡ. ಹಾಗಲ್ಲವೆಂದು ವಿವರಿಸುವಷ್ಟು ತಿಳಿವಳಿಕೆ ಆಗ ನನಗೂ ಇರಲಿಲ್ಲ. ಒಂದು ಪದದ ಅರ್ಥ ಗೊತ್ತಿಲ್ಲದೆ ಇಬ್ಬರೂ ಅನುಭವಿಸಿದ ಆ ನೋವಿನ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದು ಇಂಗ್ಲಿಷ್ ಕಾನೂನಿನ ಪರಂಪರೆಯಿಂದ ಬಂದ ಪದಗಳ ಸಾಮಾನ್ಯ ಅರ್ಥ. ಆಯಾ ದೇಶದ ಕಾಯ್ದೆಯಲ್ಲಿ ವ್ಯತ್ಯಾಸಗಳಿರುತ್ತವೆ.

ಎಕ್ಸಿಕ್ಯೂಟರ್ ಎಂದರೆ ಉಯಿಲನ್ನು ಜಾರಿಗೆ ತರುವ ಹೊಣೆ ಹೊತ್ತವರು. ಮೃತರ ಆಸ್ತಿಯನ್ನು ಒಟ್ಟುಗೂಡಿಸಿ, ಸಾಲ ಮತ್ತು ತೆರಿಗೆಗಳನ್ನು ಮೊದಲು ತೀರಿಸಿ, ಉಳಿದದ್ದನ್ನು ಉಯಿಲಿನಲ್ಲಿ ಹೇಳಿದವರಿಗೆ ಒಪ್ಪಿಸುವುದು ಅವರ ಕೆಲಸ. ಆಸ್ತಿಯನ್ನು ಪಡೆಯುವವರು ಫಲಾನುಭವಿಗಳು. ಒಬ್ಬರೇ ಎರಡೂ ಆಗಿರಬಹುದು, ಆದರೆ ಎಕ್ಸಿಕ್ಯೂಟರ್ ಆದ ಮಾತ್ರಕ್ಕೆ ಯಾರೂ ಒಡೆಯರಾಗುವುದಿಲ್ಲ.

ಪ್ರೊಬೇಟ್ ಎಂದರೆ ಉಯಿಲನ್ನು ನ್ಯಾಯಾಲಯ ದೃಢೀಕರಿಸುವುದು; ಈ ಪದ ಸಾಬೀತುಪಡಿಸು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಇದು ಮೃತರ ಕೊನೆಯ ಉಯಿಲೇ, ಕಾನೂನು ಹೇಳಿದಂತೆ ಸಹಿಯಾಗಿದೆಯೇ, ಬರೆಯುವಾಗ ಅವರ ಬುದ್ಧಿ ಸ್ವಸ್ಥವಾಗಿತ್ತೇ, ಯಾರ ಒತ್ತಡಕ್ಕಾದರೂ ಮಣಿದು ಬರೆದರೇ ಎಂಬುದಷ್ಟೇ ನ್ಯಾಯಾಲಯದ ಮುಂದಿರುವ ಪ್ರಶ್ನೆ. ಆಸ್ತಿ ನಿಜಕ್ಕೂ ಮೃತರದ್ದಾಗಿತ್ತೇ ಎಂಬುದು ಅಲ್ಲಿ ತೀರ್ಮಾನವಾಗುವುದಿಲ್ಲ. ನೆರೆಯವರ ಜಮೀನನ್ನು ಉಯಿಲಿನಲ್ಲಿ ಬರೆದಿಟ್ಟು ಹೋಗಿದ್ದರೆ, ಪ್ರೊಬೇಟ್ ಸಿಕ್ಕಿತೆಂದು ಅದು ಮಕ್ಕಳ ಪಾಲಾಗದು. ನನ್ನ ದೃಷ್ಟಿಯಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆಗೆ ಒಳಗಾಗಿರುವ ಪದ ಇದೇ.

ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಯಾರಿಗೆ ಎಂಬುದನ್ನು ಉತ್ತರಾಧಿಕಾರದ ಕಾನೂನೇ ನಿರ್ಧರಿಸುತ್ತದೆ. ಆಗ ನ್ಯಾಯಾಲಯ ನೇಮಿಸುವವರು ಅಡ್ಮಿನಿಸ್ಟ್ರೇಟರ್. ಅವರಿಗೆ ಕೊಡುವ ಅಧಿಕಾರಪತ್ರವೇ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ಎಕ್ಸಿಕ್ಯೂಟರ್‌ಗೆ ಅಧಿಕಾರ ಬರುವುದು ಉಯಿಲಿನಿಂದ, ಹಾಗಾಗಿ ಅದು ಮರಣದ ಕ್ಷಣದಿಂದಲೇ ಆರಂಭ. ಪ್ರೊಬೇಟ್ ಅದನ್ನು ದೃಢಪಡಿಸುತ್ತದೆ. ಅಡ್ಮಿನಿಸ್ಟ್ರೇಟರ್‌ಗೆ ಅಧಿಕಾರಪತ್ರವೇ ಮೂಲವಾದ್ದರಿಂದ, ಅದು ಕೈಸೇರುವ ಮುನ್ನ ಮೃತರ ಮನೆಯನ್ನು ಮಾರುವ ಅಧಿಕಾರ ಅವರಿಗಿರುವುದಿಲ್ಲ.

ಸಾಕ್ಷಿಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಇಂಗ್ಲೆಂಡಿನ 1837ರ ಉಯಿಲು ಕಾಯ್ದೆಯ ಪ್ರಕಾರ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿಗೋ ಸಾಕ್ಷಿಯ ಪತಿ ಅಥವಾ ಪತ್ನಿಗೋ ಬರೆದ ಕೊಡುಗೆ ಸಾಮಾನ್ಯವಾಗಿ ಅಸಿಂಧು. ಪ್ರೀತಿಯಿಂದ ಮಗಳ ಕೈಯಲ್ಲೇ ಸಾಕ್ಷಿ ಹಾಕಿಸಿದರೆ, ಉಯಿಲು ಉಳಿದರೂ ಅವಳ ಪಾಲು ಉಳಿಯುವುದಿಲ್ಲ.

ಫಲಾನುಭವಿ ಮೊದಲೇ ತೀರಿಕೊಂಡರೆ ಆ ಕೊಡುಗೆ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಇದನ್ನು ಲ್ಯಾಪ್ಸ್ ಎನ್ನುತ್ತಾರೆ. ಹೆಸರಿಸಿ ಕೊಟ್ಟ ವಸ್ತುವನ್ನು ಬರೆದವರೇ ಬದುಕಿದ್ದಾಗ ಮಾರಿದ್ದರೆ ಆ ಕೊಡುಗೆ ಇಲ್ಲವಾಗುತ್ತದೆ, ಅದು ಅಡೆಂಪ್ಶನ್. ಬಿದ್ದುಹೋದ ಕೊಡುಗೆಯೂ ಹೆಸರಿಸದ ಎಲ್ಲ ಆಸ್ತಿಯೂ ಸೇರುವ ಜಾಗ ಉಳಿಕೆ ಆಸ್ತಿ. ಅದು ಯಾರಿಗೆಂದು ಬರೆಯದಿದ್ದರೆ, ಉಯಿಲು ಇದ್ದೂ ಅಷ್ಟು ಭಾಗಕ್ಕೆ ಉಯಿಲು ಇಲ್ಲದಂತಾಗುತ್ತದೆ.

ಕೊನೆಯದಾಗಿ, ಪರ್ ಸ್ಟರ್ಪೀಸ್ ಮತ್ತು ಪರ್ ಕ್ಯಾಪಿಟಾ, ಅಂದರೆ ಕವಲುವಾರು ಮತ್ತು ತಲೆವಾರು ಹಂಚಿಕೆ. ಮೂವರು ಮಕ್ಕಳಲ್ಲಿ ಒಬ್ಬರು ಇಬ್ಬರು ಮಕ್ಕಳನ್ನು ಬಿಟ್ಟು ಮೊದಲೇ ತೀರಿಕೊಂಡಿದ್ದಾರೆ ಎಂದುಕೊಳ್ಳೋಣ. ಕವಲುವಾರು ಹಂಚಿದರೆ ಬದುಕಿರುವ ಇಬ್ಬರಿಗೆ ಮೂರನೇ ಒಂದೊಂದು ಭಾಗ, ಮೊಮ್ಮಕ್ಕಳಿಗೆ ಆರನೇ ಒಂದೊಂದು ಭಾಗ. ತಲೆವಾರು ಹಂಚಿದರೆ ನಾಲ್ವರಿಗೂ ಕಾಲುಭಾಗ. "ನನ್ನ ಮಕ್ಕಳಿಗೂ ಮೊಮ್ಮಕ್ಕಳಿಗೂ ಸಮನಾಗಿ" ಎಂದಷ್ಟೇ ಬರೆದಿಟ್ಟರೆ, ಈ ಎರಡರಲ್ಲಿ ಯಾವುದು ಮನಸ್ಸಿನಲ್ಲಿತ್ತೆಂದು ಕೇಳಲು ಬರೆದವರು ಇರುವುದಿಲ್ಲ.